ಇವತ್ತು ಮೇನ್ ಆಫ್ ಮಾಡಬೇಡಿ

ಮಾವ,

ಮಾಲೂರಿನ ಆಫೀಸಿಗೆ ಹೋಗಿ ಬರ್ತೀನಿ, ಸಂಜೆಯಾಗುತ್ತೆ. ಮುದ್ದೆ, ಸಾರು ಮುಚ್ಚಿಟ್ಟಿದ್ದೀನಿ.

ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕೋಕೆ ಬಿಟ್ಟು ಹೊರಟಿದ್ದೀನಿ. ಹಳೇದಿದ್ದರೆ ಇನ್ನು ಟೈಪಿಂಗ್ ಕೆಲಸ ಕೊಡಲ್ಲ ಅಂತ ಆಫೀಸಿನವರು ಅಂದುಬಿಟ್ಟಿದ್ದಾರೆ. ಮನೆ ನಡೀತಿರೋದೇ ಅದರಿಂದ. ಪರದೆ ಕಪ್ಪಾಗುತ್ತೆ, ತಾನೇ ಆಫ್ ಆಗಿ ತಾನೇ ಆನ್ ಆಗುತ್ತೆ. ಗಾಬರಿ ಬೀಳಬೇಡಿ, ಮುಟ್ಟಲೂಬೇಡಿ. ಮಧ್ಯದಲ್ಲಿ ಕರೆಂಟ್ ಹೋದರೆ ಅದು ಮತ್ತೆ ಏಳಲ್ಲ.

ತೋಟದ ಮೋಟಾರ್ ಸ್ಟಾರ್ಟರ್ ಮುಟ್ಟಿ, ಶಾಕ್ ಹೊಡೆದು ನಿಮ್ಮ ಮಗ ಹೋದಾಗಿನಿಂದ, ನೀವು ಡೈರಿಗೆ ಹಾಲು ಹಾಕೋಕೆ ಹೊರಟರೂ ಮನೆಯ ಮೇನ್ ಸ್ವಿಚ್ ಆಫ್ ಮಾಡೇ ಹೋಗ್ತೀರ. ಫ್ರಿಜ್‌ನಲ್ಲಿ ಹಿಟ್ಟು ಹುಳಿ ಬಂದರೂ, ನಿಮ್ಮ ಮೊಮ್ಮಗಳು ಮೇಘನ ಕತ್ತಲಲ್ಲಿ ಕೂತು ಓದಿದರೂ ನಾನು ತಡೆದಿಲ್ಲ. ಕೇಳಿದರೆ "ಕರೆಂಟ್ನ ನಂಬಬಾರ್ದು ಕಣಮ್ಮ" ಅಂತೀರ. ಇವತ್ತೊಂದು ದಿನ ನಂಬಿ.

ಭಯ ನಿಮಗೊಬ್ಬರಿಗೇ ಅಂದುಕೊಳ್ಳಬೇಡಿ. ಬೆಳಿಗ್ಗೆ ಕಂಪ್ಯೂಟರ್ ಸ್ವಿಚ್ಚನ್ನು ನಾನು ಒತ್ತಿದ್ದು ಮೇಘನಳ ಮರದ ಸ್ಕೇಲಿನಿಂದ. ಮನೆಯ ಎಲ್ಲ ಸ್ವಿಚ್ಚೂ ಹಾಗೇ ಒತ್ತೋದು, ನೀವು ನೋಡಿಲ್ಲ ಅಷ್ಟೇ. ಲೈಟ್ ಹಾಕಬೇಕಾದರೆ ಸ್ಕೇಲು ಟಿವಿ ಹಿಂದೆ ಇದೆ, ತಗೊಳ್ಳಿ.

ಸುನಂದ