ಪಾದ್ರಿಗೆಂದು ಕಟ್ಟಿದ ನೊಣಗಳು

ತೂಬಿನ ಮನೆ,
ಚಿಲ್ಬರಿ, ವಿಲ್ಟ್‌ಶೈರ್
ಭಾನುವಾರ, ೨೭ ಅಕ್ಟೋಬರ್ ೧೯೬೩

ಪ್ರೀತಿಯ ಸೈಲಸ್,

ನಿನ್ನ ಕಾರ್ಡು ತಲುಪಿತು. ವೇಮತ್‌ನಲ್ಲಿ ಗಾಳಿ, ನಿನ್ನಕ್ಕ ಡಾರ್ಕಸ್‌ಗೆ ಮಂಡಿನೋವು, ನೀನು ಕ್ಷೇಮ. ನಾಲ್ಕು ತಿಂಗಳಲ್ಲಿ ಬಂದ ಒಂಬತ್ತನೆಯ ಕಾರ್ಡು ಇದು, ಒಂಬತ್ತರಲ್ಲೂ ಗಾಳಿಯೇ ಬೀಸುತ್ತಿದೆ. ಮೂವತ್ತೊಂದು ವರ್ಷ ಸಂಸಾರ ಮಾಡಿದ ಹೆಂಡತಿಗೆ ಹವಾಮಾನ ವರದಿ ಕಳಿಸುವ ಗಂಡ ಇನ್ನೊಬ್ಬ ಇದ್ದಾನೋ ಇಲ್ಲವೋ, ನಾನಂತೂ ಕಂಡಿಲ್ಲ.

ಇಲ್ಲಿ ಎಲ್ಲ ಸರಿಯಾಗಿದೆ. ತೂಬಿನ ಹಲಗೆಗಳನ್ನು ನಾನೇ ಎತ್ತಿ ಇಳಿಸುತ್ತಿದ್ದೇನೆ. ಹೊಳೆಯಲ್ಲಿ ಕಳೆ ಕೊಯ್ಯುವ ವಾರ ಮೀನು ಹಿಡಿಯುವ ಕ್ಲಬ್ಬಿನವರು ಇಬ್ಬರನ್ನು ಕಳಿಸಿದ್ದರು. ನಿನ್ನ ಕುಡುಗೋಲನ್ನು ಅವರ ಕೈಗೆ ಕೊಡಲಿಲ್ಲ, ಸಿಗಲಿಲ್ಲ ಎಂದುಬಿಟ್ಟೆ. ಬೆಳಗಿನ ಹೊತ್ತು ಮಂಜು ಹೊಳೆಯ ಮೇಲೆ ಮಲಗಿರುತ್ತದೆ, ಹತ್ತು ಗಂಟೆಗೆ ನಿಧಾನ ಏಳುತ್ತದೆ. ಆಮೇಲೆ ನೀರು ಇದೆಯೋ ಇಲ್ಲವೋ ಎಂಬಷ್ಟು ತಿಳಿ. ತಳದ ಬಿಳಿ ಸುಣ್ಣಗಲ್ಲಿನ ಮೇಲೆ ಮೊದಲು ನೆರಳು ಕಾಣುತ್ತದೆ, ಆಮೇಲೆ ಮೀನು. ಸೇತುವೆಯ ಮೇಲೆ ನಿಂತು ನೋಡುತ್ತಾ ಇದ್ದರೆ ಗಂಟೆಗಳು ಎಲ್ಲಿ ಹೋದವು ಎಂದೇ ತಿಳಿಯುವುದಿಲ್ಲ. ನಿನ್ನೆ ಒಲೆಯ ಮೇಲಿಟ್ಟ ಆಲೂಗಡ್ಡೆ ಹಾಗೆಯೇ ಸೀದುಹೋಯಿತು.

ಗ್ರೇಲಿಂಗ್ ಮೀನುಗಳು ಮೇಲೆ ಬಂದಿವೆ. ಟ್ರೌಟ್ ಹಿಡಿಯುವ ಕಾಲ ಮುಗಿದ ಮೇಲೆ ಹೊಳೆ ಅವುಗಳದ್ದೇ ತಾನೆ. ಮಧ್ಯಾಹ್ನದ ಎಳೆಬಿಸಿಲಿಗೆ ಹಿಂಡುಹಿಂಡಾಗಿ ಬಂದು, ಬೆನ್ನ ಮೇಲಿನ ದೊಡ್ಡ ರೆಕ್ಕೆ ಬಿಚ್ಚಿ, ನೀರ ಮೇಲಿನ ಸಣ್ಣ ನೊಣಗಳನ್ನು ಮುತ್ತಿಟ್ಟಂತೆ ಎತ್ತಿಕೊಂಡು ಹೋಗುತ್ತವೆ. ನಾವಿಬ್ಬರೂ ಮೊದಲು ಮಾತಾಡಿದ್ದು ನೆನಪಿದೆಯೇ? ಇದೇ ಸೇತುವೆ, ಇದೇ ತಿಂಗಳು. ಆಗಷ್ಟೇ ಹಿಡಿದ ಗ್ರೇಲಿಂಗನ್ನು ನೀನು ನನ್ನ ಮೂಗಿನ ಹತ್ತಿರ ತಂದು “ಮೂಸಿ ನೋಡು, ಥೈಮ್ ಸೊಪ್ಪಿನ ವಾಸನೆ ಬರುತ್ತೆ” ಅಂದಿದ್ದೆ. “ಮೀನು ಮೀನಿನ ಥರಾನೇ ನಾರುತ್ತೆ ಕಣಯ್ಯ” ಎಂದು ನಾನು ನಕ್ಕಿದ್ದೆ. ನಿಜವಾಗಿ ನನಗೂ ವಾಸನೆ ಬಂದಿತ್ತು. ನಿನಗೆ ನಾನು ಹೇಳಿದ ಮೊದಲ ಸುಳ್ಳು ಅದು.

ಎರಡನೆಯದನ್ನು ಹೇಳಲೆಂದೇ ಈ ಕಾಗದ ಬರೆಯುತ್ತಿದ್ದೇನೆ. ಇಷ್ಟು ಬರೆದು ಎದ್ದುಹೋಗಿ ಚಹಾ ಮಾಡಿದೆ, ಕೋಳಿಗಳಿಗೆ ಕಾಳು ಹಾಕಿದೆ, ಆಗಲೇ ಗುಡಿಸಿದ್ದ ಅಂಗಳವನ್ನು ಇನ್ನೊಮ್ಮೆ ಗುಡಿಸಿದೆ. ಮಾಡಲು ಬೇರೆ ಕೆಲಸ ಉಳಿದಿಲ್ಲ, ಬರೆಯಲೇಬೇಕು.

ಕ್ಲಬ್ಬಿನ ಕಾರ್ಯದರ್ಶಿ ಮೇಜರ್ ಹ್ಯಾಲೆಟ್ ಶುಕ್ರವಾರ ಮನೆಗೆ ಬಂದಿದ್ದರು. ನೀನು ಹೊಳೆ ಕಾಯುವ ಕೆಲಸ ಬಿಡುತ್ತೇನೆಂದು ಬರೆದುಕೊಟ್ಟ ಕಾಗದ ಇನ್ನೂ ಅವರ ಮೇಜಿನಲ್ಲೇ ಇದೆಯಂತೆ. ನವೆಂಬರ್ ಎಂಟಕ್ಕೆ ಸಮಿತಿ ಸೇರುತ್ತದೆ. ಅಷ್ಟರಲ್ಲಿ ನೀನು ಅದನ್ನು ವಾಪಸ್ ತೆಗೆದುಕೊಳ್ಳದಿದ್ದರೆ ಹೊಸಬನಿಗೆ ಕೆಲಸ, ಅವನಿಗೇ ಈ ಮನೆ. “ಹೆಟ್ಟಿ, ನೀನಾದ್ರೂ ಅವನಿಗೆ ಹೇಳಬಾರದಾ? ಕೈ ಸೋತರೆ ಏನಂತೆ, ಕಣ್ಣಿದೆಯಲ್ಲ, ಹೊಳೆ ಕಾಯೋಕೆ ಅಷ್ಟು ಸಾಕು” ಅಂದರು. ಪಾಪ, ಒಳ್ಳೆಯ ಮನುಷ್ಯ. ಒಂದು ಕೇಕಿನ ತುಂಡು ಕೊಟ್ಟು ಕಳಿಸಿದೆ.

ನಿನ್ನ ಕೈ ಸೋತಿಲ್ಲ, ಸೈಲಸ್.

ಸೇತುವೆಯಿಂದ ಹೊಳೆಯ ಮೇಲ್ಗಡೆಗೆ, ಆಲ್ಡರ್ ಮರದ ಬೇರಿನಡಿ ಇರುವ ಆ ಮುದಿ ಟ್ರೌಟ್ ಮೀನು ಸಂಜೆ ಪ್ರಾರ್ಥನೆಯ ಗಂಟೆ ನಿಂತ ಮೇಲೆಯೇ ಮೇಲೆ ಬರುತ್ತದೆಂದು ನೀನು ಅದಕ್ಕೆ ಪಾದ್ರಿ ಎಂದು ಹೆಸರಿಟ್ಟೆಯಲ್ಲ, ಅವತ್ತು ಮೂರು ವರ್ಷದ ಹಿಂದೆ, ನೀನು ಮನೆಗೆ ಬಂದು ಒಂದು ಗಂಟೆ ಮಾತಾಡಿದೆ. ಒಂದು ಗಂಟೆ! ಮದುವೆಯಾದಾಗಿನಿಂದ ನನಗೆ ಸಿಕ್ಕಿದ್ದು “ಹೂಂ”, “ಉಪ್ಪು ಕೊಡು”, “ನೀರು ಇಳಿದಿದೆ”. ಅವತ್ತು ನೀನು ಚಮಚೆಯನ್ನೇ ಮೀನು ಮಾಡಿ, ಮೇಜುಬಟ್ಟೆಯನ್ನೇ ಹೊಳೆ ಮಾಡಿ, ಅದು ಹೇಗೆ ತೇಲಿಬಂತು, ಕೊಕ್ಕೆಗೆ ಗರಿ ಸುತ್ತಿ ನಾನು ಕಟ್ಟಿಕೊಟ್ಟ ಹುಸಿನೊಣವನ್ನು ಹೇಗೆ ನೋಡಿತು, ಹೇಗೆ ಬೇಡವೆಂದು ತಿರುಗಿತು ಎಂದು ತೋರಿಸಿದೆ. ನಿನ್ನ ಮುಖ ನೋಡುತ್ತಾ ಕೂತಿದ್ದೆ. ಆ ಬೇಸಿಗೆಯೆಲ್ಲ ಹಾಗೆಯೇ ಕಳೆಯಿತು. ಅಷ್ಟು ಸುಖವಾಗಿ ನಾನು ಯಾವತ್ತೂ ಇದ್ದಿರಲಿಲ್ಲ.

ಋತು ಮುಗಿದ ದಿನ ನೀನು “ಬರೋ ವರ್ಷ ಹಿಡಿದೇ ಹಿಡೀತೀನಿ, ಅಲ್ಲಿಗೆ ಆ ಕತೆ ಮುಗೀತು” ಅಂದೆ. ಕತೆ ಮುಗಿದ ಮೇಲೆ ಮತ್ತೆ ಉಪ್ಪು ಕೊಡು, ಅಷ್ಟೇ ತಾನೆ?

ಮರುವರ್ಷದಿಂದ ಪಾದ್ರಿಗೆಂದು ಕಟ್ಟಿದ ಪ್ರತಿಯೊಂದು ನೊಣದ ಕೊಕ್ಕೆಯ ಮೊನೆಯನ್ನೂ ನಾನು ಇಕ್ಕಳದಿಂದ ಮುರಿದೆ. ಗರಿ ಸುತ್ತಿ, ನೂಲು ಬಿಗಿದು, ಕೊನೆಗೆ ಚಿಟಕ್ ಎಂದು ಒಂದು ಸದ್ದು. ಮೊನೆ ಸಾಸಿವೆಯ ಕಾಲುಭಾಗವೂ ಇರಲಿಲ್ಲ. ಮೂರು ಬೇಸಿಗೆ ಹಾಗೆ ಮಾಡಿದೆ.

ಊರಲ್ಲಿ ಯಾರೇ ಕಟ್ಟಿದ ನೊಣವಾದರೂ ದಾರಕ್ಕೆ ಹಾಕುವ ಮುಂಚೆ ನೀನು ಹೆಬ್ಬೆರಳಿನ ಉಗುರಿಗೆ ತಾಗಿಸಿ ಮೊನೆ ನೋಡುತ್ತೀಯ. ಮೇಜರ್ ಲಂಡನ್ನಿನಿಂದ ತಂದದ್ದನ್ನೂ ಬಿಟ್ಟವನಲ್ಲ. ನಾನು ಕಟ್ಟಿದ್ದನ್ನು ಮಾತ್ರ ಒಂದು ಸಲವೂ ನೋಡಲಿಲ್ಲ. “ಇದು ಹೆಟ್ಟಿ ಕೈಯದು” ಎನ್ನುತ್ತಿದ್ದೆ. ಆ ನಂಬಿಕೆಯನ್ನೇ ನಾನು ಬಳಸಿಕೊಂಡೆ. ಪಾದ್ರಿ ಎರಡು ಸಲ ನೊಣ ಬಾಯಿಗೆ ಹಾಕಿ ಉಗುಳಿದಾಗ ನೀನು “ನಂದೇ ಅವಸರ” ಎಂದು ನಕ್ಕೆ. ಸಂಜೆಯೆಲ್ಲ ಅದನ್ನೇ ಹೇಳಿದೆ, ನಾನು ಕೇಳಿದೆ.

ಈ ಜೂನಿನಲ್ಲಿ ಮೂರನೆಯ ಸಲ ಕಚ್ಚಿ ಬಿಟ್ಟಾಗ ಮೇಜರ್ ಸೇತುವೆಯ ಮೇಲಿರುತ್ತಾರೆಂದು ನನಗೇನು ಗೊತ್ತಿತ್ತು? ಅವರು ಇಳಿದುಬಂದು, ನೊಣವನ್ನು ಬೆಳಕಿಗೆ ಹಿಡಿದು, ನಿನ್ನ ಬೆನ್ನ ಹಿಂದಿನ ಕಲ್ಲುಗಳನ್ನು ನೋಡಿ “ಹಿಂದಕ್ಕೆ ಬೀಸುವಾಗ ಕೊಕ್ಕೆ ಸೇತುವೆಗೆ ಬಡಿದಿದೆ ಸೈಲಸ್, ಮೊನೆ ಮುರಿದಿದೆ. ವಯಸ್ಸಾಯ್ತಲ್ಲ, ಬಿಡು” ಅಂದರಂತೆ. ಈ ಊರಿನ ಅರ್ಧ ಜನಕ್ಕೆ ಗಾಳದ ಕೋಲು ಹಿಡಿಯಲು ಕಲಿಸಿದವನು ನೀನು. “ಹಿಂದಿನ ಬೀಸು ಎತ್ತರಕ್ಕಿರಲಿ, ದಡ್ಡ ಶಿಖಾಮಣಿ” ಎಂದು ಕಲಿಯಲು ಬಂದ ನ್ಯಾಯಾಧೀಶರನ್ನೇ ಬೈದವನು. ಅವತ್ತು ಬಂದು ಕೋಲನ್ನು ಚೀಲಕ್ಕೆ ಹಾಕಿ ಕಟ್ಟಿದೆ. “ಕೈ ಹೋಯ್ತು ಹೆಟ್ಟಿ” ಅಂದೆ. ಆಗಲೇ ಹೇಳಬೇಕಿತ್ತು. ಬಟಾಣಿ ಬಡಿಸಿದೆ. ಮೂರು ವಾರದ ಮೇಲೆ ನೀನು ಅಕ್ಕನ ಮನೆಗೆ ಹೊರಟಾಗಲೂ ಹೇಳಲಿಲ್ಲ. ಜೊತೆಗೆ ಬಾ ಎಂದಾಗ ನೊಣ ಕಟ್ಟುವ ಕೆಲಸ ಬಾಕಿ ಇದೆ ಎಂದೆ. ನಿನ್ನ ಎದುರು ಕೂರುವ ಧೈರ್ಯ ಇರಲಿಲ್ಲ, ಅದೇ ನಿಜವಾದ ಕಾರಣ.

ಮೂರು ಬೇಸಿಗೆ ನಾನು ಬೇಲಿಯ ಮರೆಯಲ್ಲಿ ನಿಂತು ನಿನ್ನನ್ನು ನೋಡಿದ್ದೇನೆ. ನಿನಗೆ ಗೊತ್ತಿಲ್ಲ. ಸಂಜೆಬೆಳಕಿನಲ್ಲಿ ಆ ದಾರ ನಿನ್ನ ಹಿಂದೆ ಬಿಚ್ಚಿಕೊಂಡು, ಸೇತುವೆಯ ಮೇಲೆ ಎತ್ತರದಲ್ಲಿ ಒಂದು ಕ್ಷಣ ನಿಂತು, ಮತ್ತೆ ಮುಂದಕ್ಕೆ ಹರಿಯುತ್ತಿತ್ತು. ಒಂದು ಸಲವೂ ಕಲ್ಲಿಗೆ ತಾಗಲಿಲ್ಲ. ಈ ಮಾತನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ, ಮೇಜರ್ ಮುಂದೆ ಮೊದಲು. ಊರು ನಗಲಿ.

ನನ್ನ ಮುಖ ನೋಡುವುದು ಬೇಡವೆನ್ನಿಸಿದರೆ ನಾನು ನನ್ನ ತಂಗಿಯ ಮನೆಗೆ ಹೋಗುತ್ತೇನೆ. ಆದರೆ ಎಂಟನೆಯ ತಾರೀಖಿನೊಳಗೆ ಬಂದು ನಿನ್ನ ಹೊಳೆಯನ್ನು ತೆಗೆದುಕೋ. ಮಾತಿಗಾಗಿ ಆಸೆಪಟ್ಟು ಪೂರ್ತಿ ಮೌನವನ್ನೇ ಮನೆಗೆ ತಂದುಕೊಂಡವಳು ನಾನು. ಅದರ ಶಿಕ್ಷೆ ನಿನಗೆ ಬೇಡ.

ನಿನ್ನ,
ಹೆಟ್ಟಿ

ಮರೆತಿದ್ದೆ: ಪಾದ್ರಿ ಬದುಕಿದ್ದಾನೆ, ಇವತ್ತೂ ಗಂಟೆ ನಿಂತ ಮೇಲೆ ಬಂದ. ಮೇ ತಿಂಗಳವರೆಗೆ ಅವನನ್ನು ಮುಟ್ಟುವಂತಿಲ್ಲ. ಆದರೆ ಗ್ರೇಲಿಂಗ್‌ಗಳಿಗೆಂದು ಬೆಂಕಿಪೊಟ್ಟಣದಲ್ಲಿ ಒಂದು ನೊಣ ಇಟ್ಟಿದ್ದೇನೆ. ನವಿಲುಗರಿಯ ಮೈ, ಕೆಂಪು ಉಣ್ಣೆಯ ಬಾಲ, ನಿನ್ನೆ ಕಟ್ಟಿದ್ದು. ಹಾಕುವ ಮುಂಚೆ ಉಗುರಿಗೆ ತಾಗಿಸಿ ನೋಡು. ಇನ್ನು ಮುಂದೆ ನಾನು ಕೊಟ್ಟ ಪ್ರತಿಯೊಂದನ್ನೂ ನೋಡು, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.