ಬಟ್ಟೆ ಹಗ್ಗಕ್ಕೆ ನೋಟಿಸು ಕೊಟ್ಟವರಿಗೆ

ನಗರದ ಅಂದ, ನಗರದ ಪರಿಸರ ಎರಡನ್ನೂ ಒಂದೇ ಕುರ್ಚಿಯಲ್ಲಿ ಕೂತು ಕಾಯುತ್ತಿರುವ ಮಾನ್ಯ ಅಧಿಕಾರಿಗಳೇ,

ನಮ್ಮ ಬಾಲ್ಕನಿಯಲ್ಲಿದ್ದ ಬಟ್ಟೆ ಒಣಹಾಕುವ ಹಗ್ಗವನ್ನು ಕಳೆದ ಮಂಗಳವಾರ ನಿಮ್ಮ ಸಿಬ್ಬಂದಿ ಕತ್ತರಿಸಿಕೊಂಡು ಹೋಗಿದ್ದಾರೆ. ರಸೀದಿ ಕೊಟ್ಟಿದ್ದಾರೆ, ಅದರಲ್ಲೇನೂ ಲೋಪವಿಲ್ಲ. "ನೈಲಾನ್ ಹಗ್ಗ ಒಂದು, ಕ್ಲಿಪ್ಪು ಹದಿನಾಲ್ಕು, ಟವೆಲ್ಲು (ಒದ್ದೆ) ಒಂದು." ಒದ್ದೆಯೆಂದು ನಮೂದಿಸುವಷ್ಟು ಪ್ರಾಮಾಣಿಕರು ನಿಮ್ಮವರು. ಆ ಟವೆಲ್ಲು ಈಗ ನಿಮ್ಮ ಕಚೇರಿಯ ಯಾವ ಕಪಾಟಿನಲ್ಲಿ ಮುಗ್ಗಲು ಹಿಡಿಯುತ್ತಿದೆಯೋ ಕಾಣೆ. ಬೀದಿಗೆ ಕಾಣುವಂತೆ ಬಟ್ಟೆ ಒಣಹಾಕುವುದು ನಗರದ ಅಂದಕ್ಕೆ ಧಕ್ಕೆ ಎಂದು ನೋಟಿಸಿನಲ್ಲಿ ಬರೆದಿದೆ. ಕೆಳಗೆ ತಮ್ಮ ಸಹಿಯಿದೆ.

ಇದೇ ಸಹಿ ನಮ್ಮ ಮನೆಯಲ್ಲಿ ಇನ್ನೊಂದು ಕಡೆಯೂ ಇದೆ. ನಾಲ್ಕು ತಿಂಗಳ ಹಿಂದೆ ತಾವು ಮನೆಮನೆಗೆ ಹಂಚಿಸಿದ "ಹಸಿರು ನಗರಕ್ಕೆ ಐವತ್ತು ಹೆಜ್ಜೆ" ಎಂಬ ಪುಸ್ತಿಕೆಯ ಮುನ್ನುಡಿಯಲ್ಲಿ. ಅದರ ಹದಿನೇಳನೆಯ ಹೆಜ್ಜೆಯನ್ನು ಒಮ್ಮೆ ಓದಿ ನೋಡುವ ಕೃಪೆ ಮಾಡಬೇಕು. "ಬಟ್ಟೆ ಒಣಗಿಸಲು ಯಂತ್ರವೇಕೆ? ಬಿಸಿಲೂ ಗಾಳಿಯೂ ಪುಕ್ಕಟೆ. ಇಂದೇ ಒಂದು ಹಗ್ಗ ಕಟ್ಟಿ." ಹಗ್ಗ ಕಟ್ಟಿ ಎಂದವರೂ ತಾವೇ, ಕತ್ತರಿಸಿ ಎಂದವರೂ ತಾವೇ. ಹಾಗಾದರೆ ತಾವು ಓದದೆ ಸಹಿ ಹಾಕುತ್ತೀರಿ ಎಂದುಕೊಳ್ಳಲೇ, ಓದಿಯೂ ಹಾಕುತ್ತೀರಿ ಎಂದುಕೊಳ್ಳಲೇ? ಇವೆರಡರಲ್ಲಿ ತಮ್ಮ ಹುದ್ದೆಗೆ ಯಾವುದು ಹೆಚ್ಚು ಮರ್ಯಾದೆಯೋ ಅದನ್ನೇ ನಂಬಲು ನಾನು ಸಿದ್ಧ.

ನಾನು ಲಿಫ್ಟ್ ರಿಪೇರಿ ಮಾಡುವವನು. ನಿಜ ಹೇಳಬೇಕೆಂದರೆ ತಮ್ಮ ಪುಸ್ತಿಕೆಯನ್ನು ನಾನು ಓದಿರಲಿಲ್ಲ, ಅಲುಗಾಡುವ ಸ್ಟೂಲಿನ ಕಾಲಿಗೆ ಕೊಟ್ಟಿದ್ದೆ. ಅಲ್ಲಿಂದ ಎಳೆದು ಓದಿದವಳು ನಮ್ಮ ಅಕ್ಕ. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳು, ನಮ್ಮ ಕಟ್ಟಡದಲ್ಲಿ ಎಲ್ಲರಿಗೂ ಟೀಚರಮ್ಮ. ಹೋದ ವರ್ಷ ಪಾರ್ಶ್ವವಾಯು ಬಡಿದು ಬಲಗಡೆ ಸ್ವಾಧೀನ ತಪ್ಪಿದ ಮೇಲೆ ನಮ್ಮ ಜೊತೆಗಿದ್ದಾಳೆ. ಪುಸ್ತಿಕೆ ಕೈಗೆ ಬಂದದ್ದೇ ತಡ, ಸಿಲಬಸ್ ಸಿಕ್ಕವಳ ಹಾಗೆ ಪೆನ್ಸಿಲು ಹಿಡಿದು ಕೂತಳು. ಒಂದೊಂದು ಹೆಜ್ಜೆ ಮುಗಿದಂತೆ ಎದುರಿಗೆ ಒಂದು ಸರಿ ಗುರುತು. ವಾಷಿಂಗ್ ಮೆಷಿನ್ನಿನ ಕೊನೆಯ ನೀರು ನೆಲ ಒರೆಸಲು ಹೋಯಿತು. ನನ್ನ ಹಳೆ ಪ್ಯಾಂಟುಗಳು ತರಕಾರಿ ಚೀಲಗಳಾದವು; ಜೇಬುಗಳನ್ನು ಹಾಗೇ ಉಳಿಸಿದ್ದರಿಂದ ಹಸಿಮೆಣಸಿನಕಾಯಿಗೆ ಪ್ರತ್ಯೇಕ ವ್ಯವಸ್ಥೆಯೂ ಆಯಿತು. ಮೂರನೇ ಮಹಡಿಗೆ ನಾನು ಮೆಟ್ಟಿಲಲ್ಲೇ ಹತ್ತಬೇಕೆಂದು ಆಜ್ಞೆಯಾಯಿತು.

"ಲಿಫ್ಟ್ ರಿಪೇರಿ ಮಾಡೋನೇ ಲಿಫ್ಟ್ ಹತ್ತದೇ ಇದ್ರೆ ಜನ ಏನಂದ್ಕೋತಾರಕ್ಕಾ?" ಅಂದೆ.

"ಕೆಟ್ಟಿದೆ ಅಂದ್ಕೊಂಡು ಅವರೂ ನಡೀತಾರೆ. ಒಳ್ಳೇದೇ ಆಯ್ತಲ್ಲ" ಅಂದಳು.

ಹದಿನೇಳನೆಯ ಹೆಜ್ಜೆ ಮಾತ್ರ ಅವಳದೇ ಆಯಿತು. ಬಟ್ಟೆ ನಾನೇ ಒಣಹಾಕ್ತೀನಿ ಎಂದು ಹಟ ಹಿಡಿದಳು. ಫಿಸಿಯೋಥೆರಪಿಯವರು ಬೆರಳಿಗೆ ವ್ಯಾಯಾಮವೆಂದು ಕೊಟ್ಟಿದ್ದ ರಬ್ಬರ್ ಚೆಂಡನ್ನು ಮೂಲೆಗೆಸೆದವಳು, ಕ್ಲಿಪ್ಪನ್ನು ಕೈಗೆ ತಗೊಂಡಳು. ಮೊದಮೊದಲು ಬಲಗೈಗೆ ಅದು ಜಗ್ಗಲೇ ಇಲ್ಲ. ಒಂದು ಬಕೆಟ್ ಬಟ್ಟೆಗೆ ಮುಕ್ಕಾಲು ಗಂಟೆ. ಸಹಾಯಕ್ಕೆ ಹೊರಟ ನನ್ನನ್ನು ಹೆಂಡತಿ ತೋಳು ಹಿಡಿದು ಒಳಗೆ ಎಳೆದುಕೊಂಡಳು. ಎರಡನೇ ತಿಂಗಳಲ್ಲಿ ಒಂದು ಬೆಳಿಗ್ಗೆ, ನಾನು ಗಡ್ಡಕ್ಕೆ ಸೋಪು ಹಚ್ಚಿಕೊಂಡಿದ್ದಾಗ, "ಲೋ, ಬಾರೋ ಇಲ್ಲಿ!" ಎಂದು ಕೂಗಿದಳು. ಬಿದ್ದಳೇನೋ ಎಂದು ಓಡಿದೆ. ಇಡೀ ಬೆಡ್‌ಶೀಟನ್ನು ಬಲಗೈಯಿಂದಲೇ ಕ್ಲಿಪ್ಪು ಹಾಕಿ ನಿಲ್ಲಿಸಿದ್ದಳು. ನಾನು ಸೋಪಿನ ಮುಖದಲ್ಲೇ ನಿಂತು ಅತ್ತೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಈಗ ತಮ್ಮ ಪುಸ್ತಿಕೆಯ ಕೊನೆಯ ಪುಟಕ್ಕೆ ಬರೋಣ. "ನಿಮ್ಮ ಹಸಿರು ಹೆಜ್ಜೆಯ ಫೋಟೊ ನಮಗೆ ಕಳುಹಿಸಿ. ವಿಳಾಸ ಸ್ಪಷ್ಟವಾಗಿರಲಿ." ಅಕ್ಕ ಕಳುಹಿಸಿದಳು. ಹಗ್ಗದ ಪಕ್ಕ ನಿಂತು, ಬಲಗೈಯಲ್ಲಿ ಕ್ಲಿಪ್ಪು ಎತ್ತಿ ಹಿಡಿದು, ನಗುತ್ತಾ ತೆಗೆಸಿಕೊಂಡ ಫೋಟೊ. ವಿಳಾಸವನ್ನು ಅದೇ ಬಲಗೈಯಲ್ಲಿ ಎರಡು ಮಧ್ಯಾಹ್ನ ಕೂತು ಬರೆದಳು. ತುಂಬ ಸ್ಪಷ್ಟವಾಗಿಯೇ ಇದ್ದಿರಬೇಕು, ಏಕೆಂದರೆ ನಿಮ್ಮವರು ಯಾರನ್ನೂ ಕೇಳದೆ ನೇರ ನಮ್ಮ ಬಾಗಿಲಿಗೇ ಬಂದರು. ನೋಟಿಸಿಗೆ "ಸಾಕ್ಷ್ಯ" ಎಂದು ಲಗತ್ತಿಸಿದ್ದು ಅದೇ ಫೋಟೊ. ಹಗ್ಗದ ಸುತ್ತ ಕೆಂಪು ಶಾಯಿಯ ವೃತ್ತ. ವೃತ್ತ ಎಳೆದವರಿಗೆ ಅವಸರವಿತ್ತೇನೋ, ಅಕ್ಕನ ಅರ್ಧ ಮುಖವೂ ಅದರೊಳಗೆ ಸೇರಿದೆ. ಪ್ರಜೆಯಿಂದಲೇ ಸಾಕ್ಷ್ಯ ತರಿಸಿಕೊಂಡು ಅವಳ ಮೇಲೆಯೇ ಕೇಸು ಹಾಕುವ ಈ ಸುಲಭೋಪಾಯ ಪೊಲೀಸರಿಗೂ ಹೊಳೆದಿರಲಿಕ್ಕಿಲ್ಲ.

ನಿಮ್ಮ ಕಚೇರಿಗೆ ಬಂದಿದ್ದೆ. ಕೌಂಟರಿನ ಗುಮಾಸ್ತರು ಕೆಟ್ಟವರೇನಲ್ಲ, ಕೂರಲು ಕುರ್ಚಿ ಕೊಟ್ಟರು.

"ಫೋಟೊ ತಗೊಳ್ಳೋ ಸೆಕ್ಷನ್ ಬೇರೆ, ನೋಟಿಸ್ ಕಳ್ಸೋ ಸೆಕ್ಷನ್ ಬೇರೆ ಸಾರ್."

"ಎರಡಕ್ಕೂ ಸಾಹೇಬರು ಒಬ್ಬರೇ ತಾನೇ?"

"ಸಾಹೇಬರು ಒಬ್ಬರೇ. ಫೈಲು ಬೇರೆ." ಆಮೇಲೆ ದನಿ ತಗ್ಗಿಸಿ, "ಟೆರೇಸಲ್ಲಿ ಒಣಗ್ಸಿ. ಇಲ್ಲಾಂದ್ರೆ ಒಂದು ಡ್ರೈಯರ್ ತಗೊಂಬಿಡಿ ಸಾರ್, ತಲೆನೋವೇ ಇರಲ್ಲ" ಎಂದರು.

ನಮ್ಮ ಟೆರೇಸಿಗೆ ಇರುವುದು ಕಬ್ಬಿಣದ ಏಣಿ. ಒಂದು ಕಾಲು ಎಳೆದು ನಡೆಯುವವಳು ಅದನ್ನು ಹತ್ತುವಳೇ? ಇನ್ನು ಡ್ರೈಯರ್ ವಿಷಯ ನನ್ನನ್ನು ಕೇಳಿ. ನನ್ನ ಕೆಲಸ ಕಟ್ಟಡಗಳ ಹೊಟ್ಟೆಯೊಳಗೆ. ಹೊರಗೆ ನೆತ್ತಿ ಸುಡುವ ಬಿಸಿಲಿರುವಾಗ ನೆಲಮಾಳಿಗೆಯಲ್ಲಿ ಸಾಲಾಗಿ ಡ್ರೈಯರ್‌ಗಳು ತಿರುಗುತ್ತವೆ, ಬಿಸಿಗಾಳಿ ನನ್ನ ಮುಖಕ್ಕೇ ರಾಚುತ್ತದೆ. ಅದೇ ಕಟ್ಟಡದ ಬಾಲ್ಕನಿಗಳಲ್ಲಿ ಪ್ಲಾಸ್ಟಿಕ್ ಹುಲ್ಲು ಹಾಸಿ, ಪ್ಲಾಸ್ಟಿಕ್ ಬಳ್ಳಿ ಇಳಿಬಿಟ್ಟಿರುತ್ತಾರೆ. ಅದಕ್ಕೆ ನೋಟಿಸಿಲ್ಲ. ಹಸಿರು ಬಣ್ಣವಿದೆಯಲ್ಲ, ಸಾಕು! ಮನುಷ್ಯರು ಉಟ್ಟು ತೊಟ್ಟು ಒಗೆದುಕೊಂಡು ಬದುಕುತ್ತಾರೆಂಬುದು ಬೀದಿಗೆ ತಿಳಿದರೆ ಯಾರ ಗಂಟು ಹೋಗುತ್ತದೆ? ವಿದ್ಯುತ್ ಉಳಿಸಿ ಎಂದು ಉಪದೇಶ ಮಾಡುವ ಕಚೇರಿಯ ಗುಮಾಸ್ತರೇ ಡ್ರೈಯರ್ ಕೊಳ್ಳಿ ಎಂದು ಪಿಸುಗುಟ್ಟುವ ಸ್ಥಿತಿ ಬಂದಿದ್ದರೆ, ಆ ಐವತ್ತು ಹೆಜ್ಜೆಗಳನ್ನು ತಾವು ಬರೆಸಿದ್ದು ನಾವು ನಡೆಯಲೆಂದೋ, ಮೇಲಿನವರಿಗೆ ತೋರಿಸಲೆಂದೋ?

ಇಷ್ಟೇ ಆಗಿದ್ದರೆ ನಾಲ್ಕು ಬೈಗುಳದಲ್ಲಿ ಮುಗಿಸಿಬಿಡುತ್ತಿದ್ದೆ. ಆದರೆ ಅಕ್ಕ ಮಂಗಳವಾರದಿಂದ ಬಾಲ್ಕನಿಯ ಕಡೆ ಹೋಗಿಲ್ಲ. "ನಾನೇ ಫೋಟೊ ಕಳ್ಸಿದ್ದು, ನನ್ನಿಂದಾನೇ ಮನೆಗೆ ನೋಟಿಸ್ ಬಂತು" ಎಂದು ನನ್ನ ಹೆಂಡತಿಯ ಹತ್ತಿರ ಹೇಳಿದ್ದಾಳೆ. ಪುಸ್ತಿಕೆಯಲ್ಲಿ ಹಾಕಿದ್ದ ಸರಿ ಗುರುತುಗಳನ್ನೆಲ್ಲ ರಬ್ಬರಿನಿಂದ ಅಳಿಸಿದ್ದಾಳೆ, ಎಡಗೈಯಲ್ಲಿ. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತದೆ. ಹೀಗೇ ಬಿಟ್ಟರೆ ಬೆರಳು ಮತ್ತೆ ಬಿಗಿದುಕೊಳ್ಳುತ್ತವೆ, ಎರಡನೇ ಸಲ ಬಿಡಿಸುವುದು ಕಷ್ಟ ಎಂದು ಫಿಸಿಯೋಥೆರಪಿಯವರು ಹೇಳಿ ಹೋದರು. ಚೆಂಡು ಕೊಟ್ಟರೆ ಮುಟ್ಟುವುದಿಲ್ಲ.

ಹಗ್ಗ ಕಟ್ಟುವುದು ನನಗೆ ಐದು ನಿಮಿಷದ ಕೆಲಸ. ನೋಟಿಸು ಹರಿದುಹಾಕಿ ಹೊಸದು ಕಟ್ಟಲು ಹೊರಟೆ. ಅಕ್ಕ ತಡೆದಳು. "ಬೇಡ ಕಣೋ. ರೂಲ್ಸ್ ಅಂದ್ಮೇಲೆ ರೂಲ್ಸು. ಮಕ್ಕಳಿಗೆ ಅಷ್ಟು ವರ್ಷ ಅದನ್ನೇ ಹೇಳ್ಕೊಟ್ಟು ಈಗ ನಾನೇ ಮುರೀಲಾ?"

ಆದ್ದರಿಂದ ನನ್ನ ಬೇಡಿಕೆ ಇದು. ಹಗ್ಗ, ಕ್ಲಿಪ್ಪು, ಟವೆಲ್ಲು ಎಲ್ಲ ತಾವೇ ಇಟ್ಟುಕೊಳ್ಳಿ. ಆ ನಿಯಮವನ್ನು ರದ್ದು ಮಾಡಿ. ಮಾಡಿದ್ದನ್ನು ನನಗಲ್ಲ, ಅಕ್ಕನಿಗೆ ಪತ್ರ ಬರೆದು ತಿಳಿಸಿ: ತಪ್ಪು ನಿಮ್ಮದಲ್ಲ, ನಮ್ಮದು ಎಂದು. ಈ ಸಲವಾದರೂ ಓದಿ ಸಹಿ ಹಾಕಿ. ನಾನು ಎಷ್ಟು ಹೇಳಿದರೂ ಅವಳು ಕೇಳುತ್ತಿಲ್ಲ, ತಾವು ಹೇಳಿದರೆ ಕೇಳುತ್ತಾಳೆ. ಈ ನಗರದಲ್ಲಿ ತಮ್ಮ ಮಾತನ್ನು ಅಕ್ಷರಕ್ಕೆ ಅಕ್ಷರ ನಂಬಿದ ಒಬ್ಬಳೇ ಒಬ್ಬಳು ಅವಳಿರಬಹುದು. ಅವಳಿಗೇ ತಾವು ಹೀಗೆ ಮಾಡಿದಿರಿ.

ಇಂತಿ,
ಅಕ್ಕನ ಹೆಸರಿಗೆ ಬರಬೇಕಾದ ಆ ಪತ್ರದ ದಾರಿ ಕಾಯುತ್ತಿರುವ ತಮ್ಮ