ಹಿತ್ತಲ ಮರದಲ್ಲೊಂದು ಕೋಣೆ

ಮಾರ್ಚ್ ೪
ಮರದ ಮೇಲಿನ ಕೋಣೆಯ ಲೆಕ್ಕ ಮತ್ತೆ ಹಾಕಿದೆ. ಹಲಗೆ, ಬೋಲ್ಟು, ತಗಡಿನ ಶೀಟು, ವೈರಿಂಗ್… ಹೇಗೆ ಕೂಡಿಸಿದರೂ ಕೈಯಲ್ಲಿರುವುದನ್ನು ಮೀರುತ್ತದೆ. ಬಾತ್‌ರೂಮನ್ನು ಪಟ್ಟಿಯಿಂದ ಹೊಡೆದುಹಾಕಿದೆ — ಅಕ್ಕನ ಮನೆಯದೇ ಸಾಕು. ಹಿತ್ತಲು ಅವಳದು, ಮರವೂ ಅವಳದೇ.
ಭಾವ ರೇಗಿಸಿದರು: “ನೀನೇನು ಗುಬ್ಬಚ್ಚಿನಾ?” ಅಕ್ಕ ನಗಲಿಲ್ಲ. “ಸುಮ್ನೆ ಹಾಲ್‌ನಲ್ಲಿ ಮಲಗೇ.”
ಗಂಡನನ್ನು ಬಿಟ್ಟು ಬಂದ ಮೇಲೆ ಬರೀ ಬಾಡಿಗೆ ಕೋಣೆಗಳು. ಈ ತಿಂಗಳ ಕೊನೆಗೆ ಇದೂ ಖಾಲಿ ಮಾಡಬೇಕು. ಇನ್ನೊಬ್ಬರ ಹಾಲ್ ಬೇಡ. ನನ್ನದೇ ಒಂದು ಗೂಡು ಬೇಕು.

ಮಾರ್ಚ್ ೯
ಬಡಗಿ ಬಂದು ಮರ ಸುತ್ತಿ ನೋಡಿದರು. ಕಾಂಡ ಕೋಣೆಯ ನಡುವೆಯೇ ಹಾದುಹೋಗಲಿ ಅಂದರು. ಒಂದು ಕಂಬದ ಖರ್ಚು ಉಳಿಯಿತು!
“ಆದ್ರೆ ಸುತ್ತ ಒಂದು ಗೇಣು ಜಾಗ ಬಿಡ್ಬೇಕು ಮೇಡಂ. ಮರ ದಪ್ಪ ಆಗ್ತಾ ಹೋಗತ್ತಲ್ಲ.”
“ಅಷ್ಟು ಸಾಕಾ?”
“ನಮ್ಮ ಕಾಲಕ್ಕಂತೂ ಸಾಕು.”

ಮಾರ್ಚ್ ೨೮
ಸೇರಿಕೊಂಡೆ. ಮಂಚ, ಹೊಲಿಗೆ ಮಷೀನು, ಒಂದು ಬಲ್ಬು. ಅಕ್ಕ ಏಣಿ ಹಿಡಿದು ನಿಂತಿದ್ದಳು. “ಬಿದ್ದು ಕೈಕಾಲು ಮುರ್ಕೊಂಡ್ರೆ ನಾನಂತೂ ನೋಡಲ್ಲ.” ಕಣ್ಣು ತುಂಬಿತ್ತು.

ಏಪ್ರಿಲ್ ೨, ಬೆಳಿಗ್ಗೆ
ಕಾಂಡದ ಸುತ್ತಲ ಸಂದಿಯಲ್ಲಿ ಬೆರಳು ತೂರುತ್ತಿಲ್ಲ. ಬಡಗಿಯನ್ನು ಕರೆಸಿದೆ. ಟೇಪು ಇಟ್ಟು ಅಳೆದರು. ಮತ್ತೆ ಅಳೆದರು.
“ನಾನು ಗೇಣು ಬಿಟ್ಟಿದ್ದೆ. ನೀವೇ ನೋಡಿದ್ರಲ್ಲ?”
ನೋಡಿದ್ದೆ. ಬಾಕಿ ದುಡ್ಡು ಕೊಟ್ಟೆ. ಎಣಿಸದೇ ಜೇಬಿಗಿಟ್ಟುಕೊಂಡು ಸರಸರ ಇಳಿದುಹೋದರು.

ಏಪ್ರಿಲ್ ೫
ಮರ ನೋಡಲು ಗಿಡಗಳ ನರ್ಸರಿಯವರು ಬಂದಿದ್ದರು. ಕಾಂಡಕ್ಕೆ ಸುತ್ತಿಗೆಯಿಂದ ಬಡಿದು ಕಿವಿಯಿಟ್ಟರು.
“ಇದು ಸತ್ತು ಎಷ್ಟೋ ವರ್ಷ ಆಗಿದೆ. ಒಳಗೆಲ್ಲ ಟೊಳ್ಳು.”
“ಬೆಳೀತಾ ಇದೆಯಲ್ಲ?”
“ಸತ್ತ ಮರ ಬೆಳೆಯಲ್ಲ ಮೇಡಂ.”
ಎಲೆಯಿಲ್ಲದ್ದು ಬೇಸಿಗೆಗೆ ಅಂದುಕೊಂಡಿದ್ದೆ. ಅವರು ಹೋದ ಮೇಲೆ ಕಾಂಡಕ್ಕೆ ಕೆನ್ನೆಯಿಟ್ಟು ನೋಡಿದೆ. ಬೆಚ್ಚಗಿತ್ತು — ಜ್ವರ ಬಂದವರ ಮೈಯ ಹಾಗೆ.

ಏಪ್ರಿಲ್ ೬
ಅಕ್ಕನಿಗೆ ಹೇಳಿದೆ. ಮುಖ ಬಿಳಿಚಿಕೊಂಡಿತು. “ಇವತ್ತೇ ಇಳಿದು ಬಾ.”
“ಕೂಡಿಟ್ಟಿದ್ದೆಲ್ಲ ಇಲ್ಲೇ ಹಾಕಿದೀನಲ್ಲೇ.”
“ದುಡ್ಡಿನ ಮನೆ ಹಾಳಾಗ್ಲಿ! ನೀನಿದ್ರೆ ಸಾಕು ನಂಗೆ.”
ಇಳಿಯಲಿಲ್ಲ. ಹಟವೋ, ನಾಚಿಕೆಯೋ… ಗೊತ್ತಿಲ್ಲ.

ಏಪ್ರಿಲ್ ೧೩
ಇಷ್ಟು ದಿನ ಬರೆದಿಲ್ಲ. ಹೊಲಿಗೆಯೂ ಮುಟ್ಟಿಲ್ಲ. ಕಾಂಡಕ್ಕೆ ಒರಗಿ ಕೂತರೆ ಏಳಲು ಮನಸ್ಸಾಗುವುದಿಲ್ಲ. ಅಕ್ಕ ಕೂಗಿ ಕೂಗಿ, ಊಟದ ಡಬ್ಬಿ ಬಾಗಿಲ ಬಳಿ ಇಟ್ಟು ಹೋಗುತ್ತಾಳೆ.
ಇವತ್ತು ಸಂಜೆ ಕಣ್ಣಿಗೆ ಬಿತ್ತು: ಮಂಚದ ಒಂದು ಕಾಲು ತೊಗಟೆಯೊಳಗೆ ಹೋಗಿದೆ. ಸಾಕು. ಬೆಳಗಾಗುತ್ತಲೇ ಇಳಿಯುತ್ತೇನೆ. ಹಾಲ್ ಆದರೆ ಹಾಲ್.

ಏಪ್ರಿಲ್ ೧೪, ಬೆಳಿಗ್ಗೆ ಏಳು
ಬಾಗಿಲು ತೆರೆಯುತ್ತಿಲ್ಲ. ಕೂಗಿದೆ. ಅಕ್ಕ ಓಡಿಬಂದು ಏಣಿ ಹತ್ತಿದಳು, ಭಾವ ಹಾರೆ ತರಲು ಹೋಗಿದ್ದಾರೆ. ತಳ್ಳಿ ತಳ್ಳಿ ಭುಜ ಸೋತಿತು. ನೆಲದ ಮೇಲೆ ಕೂತು ಬರೆಯುತ್ತಿದ್ದೇನೆ, ನಡುಕ ನಿಲ್ಲಲೆಂದು. ಹೊರಗಿಂದ ಎಳೆಯುತ್ತ ಅಕ್ಕ ಬಾಗಿಲ ಸಂದಿಯಲ್ಲಿ ಇಣುಕಿ ಬೈಯುತ್ತಿದ್ದಾಳೆ —
“ಒಳಗಿಂದ ಹಿಡ್ಕೊಂಡು ನಾಟಕ ಆಡ್ಬೇಡ ಕಣೇ! ನಿನ್ನ ಬೆರಳು ಕಾಣ್ತಿದೆ ನಂಗೆ. ಬಿಡು!”
ನನ್ನ ಒಂದು ಕೈಯಲ್ಲಿ ಪೆನ್ನಿದೆ. ಇನ್ನೊಂದು ಈ ಪುಟದ ಮೇಲಿದೆ.
ಅಕ್ಕಾ, ಅದು ನನ್ನ —